ಅವ್ವನ ಮೊದಲ ಕೃಷಿ ಮೇಳ

ಧಾರವಾಡದ ಕೃಷಿ ಮೇಳಕ್ಕೆ ನಾನು ಮೊದಲ ಸಲ ಹೋದಾಗ ನನಗೆ ಒಂಬತ್ತು ವರ್ಷ. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹಳ್ಳಿಯಿಂದ ಹದಿನಾರು ಜನ ಸೇರಿ ಒಂದು ಟೆಂಪೊ ಮಾಡಿಕೊಂಡಿದ್ದರು. ಹದಿನೈದು ಜನ ರೈತರು, ಒಬ್ಬಳು ನಾನು. ಹೋಗುವಾಗ ಅಪ್ಪನ ತೊಡೆ ಮೇಲೆ ಕೂತಿದ್ದೆ. ಬರುವಾಗ ನನಗೇ ಒಂದು ಸೀಟು ಸಿಕ್ಕಿತು, ಯಾಕಂದ್ರೆ ಅಪ್ಪ ಕೊಂಡ ಚಿಕ್ಕು ಸಸಿಯನ್ನು ಮೊಣಕಾಲುಗಳ ನಡುವೆ ಹಿಡಿದು ಕೂರುವ ಕೆಲಸ ನನ್ನದಾಗಿತ್ತು. ಡಿ.ಎಚ್.ಎಸ್-1 ಅಂತ ಅದರ ಹೆಸರು. ಕಾಳಿಪತ್ತಿ ಮತ್ತು ಕ್ರಿಕೆಟ್ ಬಾಲ್ ಅನ್ನೋ ಎರಡು ತಳಿಗಳನ್ನು ಕೂಡಿಸಿ ಧಾರವಾಡದಲ್ಲೇ ಮಾಡಿದ ಚಿಕ್ಕು. ಗುಂಡಿ ಬಿದ್ದ ರಸ್ತೆ ಬಂದಾಗಲೆಲ್ಲ ಅಪ್ಪ ಹಿಂದೆ ತಿರುಗಿ ನೋಡ್ತಿದ್ದ. ನನ್ನನ್ನಲ್ಲ, ಕಸಿ ಕಟ್ಟಿದ ಗಂಟನ್ನು.

ಆ ರಾತ್ರಿ ಮನೆ ಮುಟ್ಟಿದಾಗ ಹನ್ನೊಂದು ಗಂಟೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಊಟಕ್ಕೆ ಕೂತು ನೋಡಿದ್ದೆಲ್ಲ ಹೇಳುತ್ತಾ ಹೋದ. ಅವ್ವ ರೊಟ್ಟಿ ಬಡಿಸುತ್ತಾ ಕೇಳಿದಳು. ಕೊನೆಗೆ ಅಪ್ಪ, "ನೀನೂ ಬರಬೇಕಾಗಿತ್ತು" ಅಂದ. ಅವ್ವ, "ಎಮ್ಮಿ ಯಾರು ಹಿಂಡ್ತಾರ?" ಅಂದಳು.

ಅದೇ ಮಾತು ಪ್ರತಿ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯಲ್ಲಿ ನಡೆಯುತ್ತಿತ್ತು. ನಮ್ಮ ಎಮ್ಮೆ ಅವ್ವನ ಕೈಗೆ ಮಾತ್ರ ಸೊರ ಬಿಡುತ್ತಿತ್ತು. ಅದರ ಮಗಳು, ಮೊಮ್ಮಗಳು ಕೂಡ ಹಾಗೇ. ಅಪ್ಪ ತಂದ ಸಸಿ ನೆಟ್ಟಿದ್ದು, ಕಸಿ ಗಂಟಿನ ಕೆಳಗೆ ಚಿಗುರು ಬಂದಾಗಲೆಲ್ಲ ಚಿವುಟಿ ಹಾಕಿದ್ದು, ಬೇಸಿಗೆಯಲ್ಲಿ ಬಿಂದಿಗೆ ಹೊತ್ತು ನೀರು ಹಾಕಿದ್ದು ಎಲ್ಲಾ ಅವ್ವ. ಮೇಳ ಮಾತ್ರ ಅವಳು ನೋಡಿರಲಿಲ್ಲ.

ಈ ವರ್ಷ ಅಪ್ಪ ಜುಲೈ ತಿಂಗಳಿಂದಲೇ ಹಿಂಡೋದನ್ನ ರೂಢಿ ಮಾಡಿಕೊಂಡ. ಅವ್ವನ ಹಳೇ ಸೀರೆ ಹೆಗಲ ಮೇಲೆ ಹೊದ್ದುಕೊಂಡು ಎಮ್ಮೆ ಹತ್ತಿರ ಕೂರುತ್ತಿದ್ದ. ವಾಸನೆ ಗುರುತು ಹಿಡಿದು ಎಮ್ಮೆ ಸುಮ್ನೆ ನಿಲ್ಲಲಿ ಅಂತ. ಮೊದಲ ವಾರ ಒದ್ದಿತು. ಆಗಸ್ಟ್ ಕೊನೆಗೆ ಮುಕ್ಕಾಲು ಹಾಲು ಕೊಟ್ಟಿತು. ಅಪ್ಪ ನನಗೆ ಬೆಂಗಳೂರಿಗೆ ಫೋನ್ ಮಾಡಿ, "ರಜಾ ಹಾಕು. ಈ ಸಲ ನೀನು, ನಿಮ್ಮವ್ವ ಹೋಗ್ರಿ" ಅಂದ.

ಶನಿವಾರ: ದಾರಿ

ಮೇಳ ಶನಿವಾರದಿಂದ ಮಂಗಳವಾರದ ತನಕ, ನಾಲ್ಕು ದಿನ. ಮೊದಲ ದಿನ ಉದ್ಘಾಟನೆ, ಭಾಷಣದಲ್ಲೇ ಅರ್ಧ ಹೊತ್ತು ಹೋಗುತ್ತದೆ. ಅದಕ್ಕೇ ನಾವು ಶನಿವಾರ ಮಧ್ಯಾಹ್ನ ನಿಧಾನಕ್ಕೆ ಹೊರಟೆವು. ನನ್ನ ಕಾರು, ಹಿಂದಿನ ಸೀಟಿನಲ್ಲಿ ಬುತ್ತಿ ಗಂಟು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರಿನ ಡಬ್ಬಿ. ಇಬ್ಬರಿಗೆ ಇಷ್ಟು ಯಾಕೆ ಅಂತ ಕೇಳಿದೆ. "ಮಂದಿ ಇರ್ತಾರಲ್ಲ" ಅಂದಳು ಅವ್ವ.

ಕಾರಿನಲ್ಲಿ ನಾನು ರಸ್ತೆ ನೋಡುತ್ತಿದ್ದರೆ ಅವ್ವ ಹೊಲ ನೋಡುತ್ತಿದ್ದಳು. ಮೋಟೆಬೆನ್ನೂರು ದಾಟುವ ತನಕ ಎರಡೂ ಕಡೆ ಗೋವಿನಜೋಳ. ಎಲ್ಲಿ ಗೊಬ್ಬರ ಕಮ್ಮಿಯಾಗಿದೆ, ಎಲ್ಲಿ ನೀರು ನಿಂತಿದೆ, ಎಲ್ಲಿ ಎಡೆ ಹೊಡೆದಿಲ್ಲ, ಎಲ್ಲಾ ಹೇಳುತ್ತಾ ಬಂದಳು. ಹಾವೇರಿ ದಾಟಿ ವರದಾ ನದಿಯ ಸೇತುವೆ ಮೇಲೆ ಬಂದಾಗ ಕೈ ಮುಗಿದಳು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ಹತ್ತಿ ಹೊಲಗಳು ಶುರುವಾದವು. ಒಂದು ಹೊಲದಲ್ಲಿ ಎಲೆ ಕೆಂಪಾಗಿತ್ತು. "ಈ ಹತ್ತಿಗೆ ಥಂಡಿ ಹತ್ತೇತಿ, ಹೊಟ್ಟಿಗೂ ಕಡಿಮಿ ಆಗೇತಿ" ಅಂದಳು, ಮಗುವಿಗೆ ಹುಷಾರಿಲ್ಲ ಅನ್ನೋ ಹಾಗೆ.

ಹತ್ತಿ ಅಂದಾಗ ನನಗೆ ಅಜ್ಜನ ನೆನಪಾಯಿತು. ಅಜ್ಜ ಜಯಧರ ಹತ್ತಿ ಬೆಳೆಯುತ್ತಿದ್ದ. ಆಮೇಲೆ ವರಲಕ್ಷ್ಮಿ ಬಂತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಕೊಟ್ಟ ಹೈಬ್ರಿಡ್ ಅದು. ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ಮಾಡಿದ, ಉದ್ದ ಎಳೆಯ ಹತ್ತಿ. ಮೊದಲ ಬೆಳೆಯ ದುಡ್ಡಿನಲ್ಲಿ ನಮ್ಮ ಮನೆಗೆ ಮಂಗಳೂರು ಹಂಚು ಬಂತು ಅಂತ ಅಜ್ಜ ಹೇಳುತ್ತಿದ್ದ. ಈಗಲೂ ಪಡಸಾಲೆಯ ಮೇಲಿರೋದು ಅವೇ ಹಂಚು.

ಶಿಗ್ಗಾವಿ ಹತ್ತಿರ ಮಳೆ ಹಿಡಿಯಿತು. ಉತ್ತರಿ ಮಳೆ. ಒಂದೇ ಸಮ, ಗಾಳಿ ಇಲ್ಲದ ಮಳೆ. ವೈಪರ್ ಹಾಕಿದರೂ ಮುಂದಿನ ಲಾರಿ ಕಾಣದೆ ಒಂದು ತಗಡಿನ ಅಂಗಡಿ ಮುಂದೆ ನಿಲ್ಲಿಸಿದೆ. ಗಿರ್ಮಿಟ್, ಮಿರ್ಚಿ, ಚಹಾ. ಬೆಂಗಳೂರಿನಲ್ಲಿ ಗಿರ್ಮಿಟ್ ಅಂತ ಕೊಡೋದನ್ನ ತಿಂದು ಸಾಕಾಗಿದ್ದ ನನಗೆ ಆ ಹುಣಸೆಹುಳಿ ಒಗ್ಗರಣೆಯ ವಾಸನೆಗೇ ಹೊಟ್ಟೆ ತುಂಬಿತು. ಅಲ್ಲಿ ಒಬ್ಬ ಮುದುಕ ಕುದಿಸಿದ ಹಸಿ ಶೇಂಗಾ ಮಾರುತ್ತಿದ್ದ. ನಾವು ಮೇಳಕ್ಕೆ ಹೊರಟಿದ್ದೇವೆ ಅಂದಾಗ ಎರಡು ಹಿಡಿ ಜಾಸ್ತಿ ಹಾಕಿದ. "ಬೀಜದ ಅಂಗಡಿಗೆ ಮುಂಜಾನೆ ಹೋಗ್ರಿ ಯವ್ವಾ. ಮಧ್ಯಾಹ್ನ ಆದ್ರ ಬರೇ ಚೀಲ ಉಳಿದಿರ್ತಾವ" ಅಂದ. ಆ ಮಾತು ನೂರಕ್ಕೆ ನೂರು ನಿಜ ಅಂತ ಮರುದಿನ ಗೊತ್ತಾಯಿತು.

ಸಂಜೆಗೆ ಧಾರವಾಡ. ಸಪ್ತಾಪುರದಲ್ಲಿ ಚಿಕ್ಕಮ್ಮನ ಮನೆ. ಊರೆಲ್ಲ ಜಿಟಿಜಿಟಿ. ಮರಗಳಿಂದ ತೊಟ್ಟಿಕ್ಕುವ ನೀರಿನ ಸದ್ದಿನಲ್ಲೇ ನಿದ್ದೆ ಬಂತು. ಅವ್ವ ಮಾತ್ರ ಎಂಟಕ್ಕೆ ಒಂದು ಸಲ, ಹತ್ತಕ್ಕೆ ಒಂದು ಸಲ ಅಪ್ಪನಿಗೆ ಫೋನ್ ಮಾಡಿದಳು. ಎರಡು ಸಲವೂ ಒಂದೇ ಪ್ರಶ್ನೆ. "ಸೊರ ಬಿಟ್ಲಾ?"

ಭಾನುವಾರ: ಕೆಸರು ಮತ್ತು ಬೀಜ

ಭಾನುವಾರ ಮೇಳಕ್ಕೆ ಜನ ಜಾಸ್ತಿ. ನೀವು ಹೋಗೋದಾದರೆ ಸೋಮವಾರ ಒಳ್ಳೇದು. ಆದರೆ ನಮಗೆ ಬೀಜ ಬೇಕಿತ್ತು, ಕಾಯುವ ಹಾಗಿರಲಿಲ್ಲ. ಕಾರು ಚಿಕ್ಕಮ್ಮನ ಮನೆ ಮುಂದೆಯೇ ಬಿಟ್ಟು ಏಳೂವರೆಗೆ ಆಟೊ ಹಿಡಿದೆವು. ಬೆಳಗಾವಿ ಕಡೆ ಹೋಗುವ ರಸ್ತೆಯಲ್ಲಿ ಆಗಲೇ ಕ್ರೂಸರ್, ಟ್ರ್ಯಾಕ್ಟರ್, ಬಸ್ಸುಗಳ ಸಾಲು. ಕ್ರೂಸರ್ ಮೇಲೆಯೂ ಜನ, ಎಲ್ಲರ ಹೆಗಲ ಮೇಲೆ ಹಸಿರು ಶಾಲು. ಒಂದು ಕಡೆ ಆಟೊ ನಿಂತೇಬಿಟ್ಟಿತು. ಇಳಿದು ನಡೆದೆವು.

ಈ ಕ್ಯಾಂಪಸ್ಸಿನ ಇತಿಹಾಸ ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಯತ್ತಿನಗುಡ್ಡದ ಮೇಲೆ 1947ರಲ್ಲಿ ಕೃಷಿ ಕಾಲೇಜು ಬಂತು, 1986ರ ಅಕ್ಟೋಬರ್ 1ಕ್ಕೆ ಅದೇ ಕೃಷಿ ವಿಶ್ವವಿದ್ಯಾಲಯ ಆಯಿತು. ಅವ್ವನಿಗೂ ಅದು ಬಾಯಿಪಾಠ. ಗೇಟಿನ ಒಳಗೆ ಕಾಲಿಟ್ಟಾಗ ಒಂದು ನಿಮಿಷ ನಿಂತಳು. ಸೆರಗು ಸರಿ ಮಾಡಿಕೊಂಡಳು. "ಇದಾ?" ಅಂದಳು. "ಇದೇ" ಅಂದೆ.

ರಾತ್ರಿಯ ಮಳೆಗೆ ಮೇಳದ ಬಯಲು ಕಲಸಿ ಹೋಗಿತ್ತು. ಎರೆಮಣ್ಣು ಗೊತ್ತಲ್ವಾ? ಒದ್ದೆಯಾದರೆ ಬಿಡೋದಿಲ್ಲ. ಪ್ರತಿ ಹೆಜ್ಜೆಗೂ ಚಪ್ಪಲಿಗೆ ಒಂದೊಂದು ಪದರ ಹತ್ತಿ ಕಾಲು ನಾಲ್ಕು ಕಿಲೋ ತೂಗತೊಡಗಿತು. ಇಪ್ಪತ್ತು ಹೆಜ್ಜೆಗೆ ಅವ್ವನ ಚಪ್ಪಲಿಯ ಉಂಗುಷ್ಠ ಕಿತ್ತಿತು. ನಾನು ಬಗ್ಗಿ ಕೀಳಲು ಹೋಗಿ ನನ್ನದೂ ಹೋಯಿತು. ಎರಡನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬರಿಗಾಲಲ್ಲಿ ಹೊರಟೆವು. ಅವ್ವ ಆಗಲೇ ಆರಾಮಾದಳು. ಹೊಲದಲ್ಲಿ ನಡೆಯೋ ಹಾಗೆ ಬೆರಳು ಒತ್ತಿ ಒತ್ತಿ ನಡೆದಳು. ನಾನು ಅವಳ ತೋಳು ಹಿಡಿದುಕೊಂಡೆ. ಮಳೆಗಾಲದ ಮೇಳಕ್ಕೆ ಹೋಗುವವರು ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಕಾಲು ತೊಳೆಯಲು ಒಂದು ಬಾಟಲಿ ನೀರು ಬೇರೆಯೇ ಇಟ್ಟುಕೊಳ್ಳಿ.

ಬೀಜ ಮಾರುವ ಕಡೆ ಸಾಲು ಉದ್ದಕ್ಕೆ ಬೆಳೆದಿತ್ತು. ಹಿಂಗಾರಿ ಬಿತ್ತನೆಗೆ ಬೇಕಾದದ್ದೆಲ್ಲ ಅಲ್ಲಿ. ಜೋಳ, ಕಡಲೆ, ಗೋಧಿ, ಕುಸುಬೆ. ನಮ್ಮ ಮುಂದೆ ನವಲಗುಂದದ ಕಡೆಯ ಒಬ್ಬ ಹಿರಿಯರು ನಿಂತಿದ್ದರು. ಕಡಲೆ ಬೆಳೆಯುವವರು. ಸಾಲು ಸರಿಯುವ ತನಕ ಅವರಿಗೂ ಅವ್ವನಿಗೂ ಕಡಲೆ ಮಾತೇ ಮಾತು. ಬೀಜ ಬಿತ್ತುವ ಮೊದಲು ಕಿಲೋಗೆ 4 ಗ್ರಾಂ ಟ್ರೈಕೊಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರದ ಪುಡಿ ಹಚ್ಚಿದ್ದಕ್ಕೆ ಹೋದ ವರ್ಷ ಗಿಡ ಒಣಗಿಸುವ ಸಿಡಿರೋಗ ಕಮ್ಮಿಯಾಯಿತು ಅಂದರು ಅವರು. ಗಿಡ ತಿಂಗಳಾದಾಗ ಕುಡಿ ಚಿವುಟಿದರೆ ಕವಲು ಜಾಸ್ತಿ ಬರುತ್ತೆ, ಚಿವುಟಿದ ಕುಡಿ ಪಲ್ಯಕ್ಕೂ ಆಗುತ್ತೆ ಅಂದಳು ಅವ್ವ. ಆಮೇಲೆ ಇಬ್ಬರೂ ಕಡಲೆ ಹುಳಿಯ ನೆನಪಿಗೆ ಬಂದರು. ಚಳಿಗಾಲದ ನಸುಕಿನಲ್ಲಿ ತೆಳ್ಳನೆ ಬಿಳಿ ಬಟ್ಟೆಯನ್ನು ಕಡಲೆ ಗಿಡಗಳ ಮೇಲೆ ಎಳೆಯುತ್ತಾ ಹೋಗೋದು. ಇಬ್ಬನಿ ಜತೆ ಎಲೆಯ ಹುಳಿಯೂ ಬಟ್ಟೆಗೆ ಹತ್ತುತ್ತದೆ. ಹಿಂಡಿ ಬಾಟಲಿಯಲ್ಲಿ ತುಂಬಿಟ್ಟರೆ ಹೊಟ್ಟೆನೋವಿಗೆ ವರ್ಷಪೂರ್ತಿ ಮದ್ದು. "ಈಗಿನ ಹುಡುಗರಿಗೆ ಹೇಳಿದ್ರ ನಂಬಂಗಿಲ್ಲ" ಅಂದರು ಹಿರಿಯರು. ಹಿಂದೆ ನಿಂತ ಹುಡುಗ, "ನಮ್ಮ ಅಜ್ಜಿ ಮಾಡ್ತಿದ್ಲು, ನಾನು ನೋಡೇನಿ" ಅಂದ. ಆ ಹಿರಿಯರಿಗೆ ಆದ ಖುಷಿ ನೋಡಬೇಕಿತ್ತು.

ನಮ್ಮ ಸರದಿ ಬಂತು. ಕಡಲೆ ಒಂದು ಚೀಲ, ಸದಕ ಗೋಧಿ ಒಂದು ಚೀಲ. ಸದಕ ಅಂದರೆ ಕೆಲವರು ಖಪ್ಲಿ ಅಂತಾರಲ್ಲ, ಅದೇ. ಒಕ್ಕಿದರೂ ಹೊಟ್ಟು ಬಿಡದ ಗೋಧಿ. ಕುಟ್ಟಿಯೇ ಬಿಡಿಸಬೇಕು. ಮಾದಲಿ ಅನ್ನೋ ಸಿಹಿಗೆ ಅದರಷ್ಟು ರುಚಿ ಬೇರೆ ಯಾವುದಕ್ಕೂ ಇಲ್ಲ. ಹಳೇ ತಳಿ ಎತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತಿತ್ತು. ಧಾರವಾಡದವರು ಡಿ.ಡಿ.ಕೆ-1025, ಡಿ.ಡಿ.ಕೆ-1029 ಅನ್ನೋ ಗಿಡ್ಡ ತಳಿಗಳನ್ನು ಮಾಡಿದ ಮೇಲೆ ಆ ಕಷ್ಟ ತಪ್ಪಿತು. ಅಪ್ಪ ಚೀಟಿಯಲ್ಲಿ 1029 ಅಂತ ಬರೆದು, ಕೆಳಗೆ ಗೆರೆ ಎಳೆದು ಕಳಿಸಿದ್ದ.

ಅವ್ವ ಚೀಲದ ಬಾಯಿಗೆ ಹೊಲಿದ ಚೀಟಿ ತಿರುಗಿಸಿ ನೋಡಿದಳು. ನೀಲಿ ಚೀಟಿ ಪ್ರಮಾಣಿತ ಬೀಜಕ್ಕೆ, ಬಿಳಿ ಚೀಟಿ ಮೂಲ ಬೀಜಕ್ಕೆ, ಬಂಗಾರದ ಹಳದಿ ತಳಿವರ್ಧಕ ಬೀಜಕ್ಕೆ. ಇದೂ ಅಪ್ಪ ಕಲಿಸಿದ್ದೇ. ಆ ಚೀಟಿ, ರಸೀದಿ ಮತ್ತು ಒಂದು ಹಿಡಿ ಬೀಜ ಇಷ್ಟನ್ನೂ ಸುಗ್ಗಿ ಮುಗಿಯುವ ತನಕ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಇಡುತ್ತಾರೆ. ಒಂದು ವರ್ಷ ಪೇಟೆಯಲ್ಲಿ ತಂದ ಬೀಜ ಅರ್ಧ ಹುಟ್ಟದೆ ಹೋದಾಗ ಕೈಯಲ್ಲಿ ಚೀಟಿ ಇರಲಿಲ್ಲ, ಯಾರನ್ನೂ ಕೇಳುವ ಹಾಗಿರಲಿಲ್ಲ. ಅಂದಿನಿಂದ ಈ ರೂಢಿ.

ಹನ್ನೆರಡರ ಹೊತ್ತಿಗೆ ಮತ್ತೆ ಮಳೆ. ಜನ ಎಲ್ಲಾ ಒಮ್ಮೆಲೇ ಮಳಿಗೆಗಳ ಒಳಗೆ ನುಗ್ಗಿದರು. ಆ ತಳ್ಳಾಟದಲ್ಲಿ ಅವ್ವನ ಕೈ ತಪ್ಪಿತು. ಫೋನ್ ಮಾಡಿದರೆ ಲೈನ್ ಸಿಗಲಿಲ್ಲ, ಅಷ್ಟು ಜನ ಒಂದೇ ಕಡೆ. ಬೀಜದ ಚೀಲ ಎರಡೂ ನನ್ನ ಹತ್ತಿರ, ಬುತ್ತಿ ಅವಳ ಹತ್ತಿರ. ಟ್ರ್ಯಾಕ್ಟರ್ ಮಳಿಗೆ, ಹನಿ ನೀರಾವರಿ ಮಳಿಗೆ, ಸ್ತ್ರೀಶಕ್ತಿ ಸಂಘದವರ ಉಪ್ಪಿನಕಾಯಿ ಮಳಿಗೆ ಎಲ್ಲಾ ಹುಡುಕಿದೆ. ಮುಕ್ಕಾಲು ಗಂಟೆ ನನ್ನ ಎದೆ ಹೊಡೆದುಕೊಂಡಿದ್ದು ನನಗೇ ಗೊತ್ತು. ಧ್ವನಿವರ್ಧಕದಲ್ಲಿ ಕೂಗಿಸಿದೆ. ಕಳೆದುಹೋದ ಮಕ್ಕಳ ಹೆಸರಿನ ನಡುವೆ ಅವ್ವನ ಹೆಸರೂ ಬಂತು.

ಸಿಕ್ಕಿದ್ದು ಕೀಟಗಳ ಪ್ರದರ್ಶನದಲ್ಲಿ. ಧಾರವಾಡ ಮೇಳದಲ್ಲಿ ಮಕ್ಕಳು ಮೊದಲು ಓಡೋದೇ ಅಲ್ಲಿಗೆ. ಕಡ್ಡಿ ಹಾಗೆ ಕಾಣುವ ಹುಳು, ಎಲೆ ಹಾಗೆ ಕಾಣುವ ಹುಳು, ಗಾಜಿನ ಕೆಳಗೆ ಸಾಲುಸಾಲು ದುಂಬಿ, ಚಿಟ್ಟೆ. ಅವ್ವ ಒಂದು ಡಬ್ಬಿಯ ಮುಂದೆ ನಿಂತಿದ್ದಳು. ಒಳಗೆ ಫಾಲ್ ಸೈನಿಕ ಹುಳು. 2018ರಲ್ಲಿ ಭಾರತದಲ್ಲಿ ಮೊದಲ ಸಲ, ಅದೂ ನಮ್ಮ ಕರ್ನಾಟಕದಲ್ಲೇ ಕಾಣಿಸಿಕೊಂಡ ಹುಳು. ಆ ವರ್ಷ ನಮ್ಮ ಗೋವಿನಜೋಳದ ಸುಳಿಗಳನ್ನೆಲ್ಲ ಜರಡಿ ಮಾಡಿ ಹಾಕಿತ್ತು. ಅವ್ವ ದಿನಾ ಮುಂಜಾನೆ ಸುಳಿ ಸುಳಿಗೂ ಒಂದೊಂದು ಚಿಟಿಕೆ ಉಸುಕು ಹಾಕುತ್ತಾ ಎರಡು ಎಕರೆ ನಡೆದಿದ್ದಳು.

ವಿದ್ಯಾರ್ಥಿನಿಯೊಬ್ಬಳು ಭೂತಗನ್ನಡಿ ಕೊಟ್ಟು ತೋರಿಸುತ್ತಿದ್ದಳು. ತಲೆಯ ಮೇಲೆ ತಿರುವಿಟ್ಟ ಕವೆಗೋಲಿನ ಹಾಗೆ ಬಿಳಿ ಗೆರೆ. ಬಾಲದ ಹತ್ತಿರ ನಾಲ್ಕು ಕಪ್ಪು ಚುಕ್ಕಿ, ಚೌಕಕ್ಕೆ ಇಟ್ಟ ಹಾಗೆ. ಈ ಎರಡು ಗುರುತು ಇದ್ದರೆ ಅದೇ ಹುಳು. ಪಕ್ಕದ ಡಬ್ಬಿಯಲ್ಲಿ ಸುಣ್ಣದ ಕಡ್ಡಿ ಹಾಗೆ ಬೆಳ್ಳಗೆ ಗಟ್ಟಿಯಾಗಿ ಸತ್ತ ಹುಳುಗಳು. ನೊಮೂರಿಯಾ ಅನ್ನೋ ಶಿಲೀಂಧ್ರ ಹತ್ತಿ ಸತ್ತವು. ಅವ್ವ ತುಂಬಾ ಹೊತ್ತು ನೋಡಿದಳು. "ಇಂಥಾವು ನಮ್ಮ ಶೇಂಗಾದಾಗ ನೋಡೇನಿ. ರೋಗ ಅಂತ ತಿಳಿದು ಕಿತ್ತು ಸುಟ್ಟೆ. ಬಿಟ್ಟಿದ್ರ ಉಳಿದ ಹುಳಕ್ಕೂ ಹತ್ತತಿತ್ತಲ್ಲ" ಅಂದಳು. ಆ ಹುಡುಗಿ ಹೌದು ಅಂದಳು. ನಾನು ಸಿಟ್ಟಿನಲ್ಲಿ ಬಂದವಳು. ಅವ್ವನ ಮುಖ ನೋಡಿ ಒಂದು ಮಾತೂ ಆಡಲಿಲ್ಲ.

ಬುತ್ತಿ ಬಿಚ್ಚಿದ್ದು ಮೂರು ಗಂಟೆಗೆ, ಒಂದು ಮರದ ಕೆಳಗೆ. ಆ ಹುಡುಗಿಯನ್ನೂ ಅವಳ ಇಬ್ಬರು ಗೆಳತಿಯರನ್ನೂ ಅವ್ವ ಕರೆದುಕೊಂಡು ಬಂದಿದ್ದಳು. ಪಕ್ಕದಲ್ಲಿ ಕೂತ ರೋಣದ ಕಡೆಯ ಕುಟುಂಬದವರು ಬದನೆಕಾಯಿ ಎಣ್ಣೆಗಾಯಿ ಕೊಟ್ಟರು. ನಮ್ಮ ಹಿಂಡಿ ಅವರ ಎಲೆಗೆ ಹೋಯಿತು. ಒಂದು ರೊಟ್ಟಿಯೂ ಉಳಿಯಲಿಲ್ಲ.

ಸೋಮವಾರ: ಹೆಬ್ಬೆರಳಿನ ಉಗುರು

ಸೋಮವಾರ ಬಿಸಿಲು. ಜನ ಅರ್ಧಕ್ಕೆ ಇಳಿದಿದ್ದರು. ಮಳಿಗೆ ಬಿಟ್ಟು ಬೆಳೆ ತಾಕುಗಳ ಕಡೆ ಹೋದೆವು. ಮೇಳಕ್ಕೆ ಹೋದವರು ಎಷ್ಟೋ ಜನ ಮಳಿಗೆಗಳನ್ನು ಸುತ್ತಿ ವಾಪಸ್ ಹೋಗುತ್ತಾರೆ. ನನ್ನ ಪ್ರಕಾರ ಈ ತಾಕುಗಳೇ ಮೇಳದ ಜೀವ. ಸೋಯಾ, ಶೇಂಗಾ, ನವಣೆ, ಸಾಮೆ, ಹತ್ತಿ ಎಲ್ಲಾ ನಿಂತ ಬೆಳೆ, ಮುಂದೆ ತಳಿಯ ಹೆಸರಿನ ಹಲಗೆ.

ಬೆಂಗಳೂರಿಗೆ ಕೆಲಸಕ್ಕೆ ಹೋದ ಮೊದಲ ವರ್ಷಗಳಲ್ಲಿ ನವೆಂಬರ್ ಬಂದರೆ ನಾನು ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದ ಮೇಳಕ್ಕೆ ಒಬ್ಬಳೇ ಹೋಗುತ್ತಿದ್ದೆ. ಊರಿನ ನೆನಪಾದಾಗ ಅಲ್ಲಿ ರಾಗಿ ತಾಕುಗಳ ನಡುವೆ ನಡೆದರೆ ಸಮಾಧಾನ. ಜಿ.ಪಿ.ಯು-28 ಅನ್ನೋ ಬೆಂಕಿರೋಗ ತಡೆಯುವ ರಾಗಿ ತಳಿಯ ಮುಂದೆ ಒಬ್ಬ ಕನಕಪುರದ ಅಜ್ಜಿ ನನ್ನ ಕೈಗೆ ತೆನೆ ಕೊಟ್ಟು, "ಬಿಗಿ ನೋಡವ್ವ, ಮುಷ್ಟಿ ಹಂಗದೆ" ಅಂದಿದ್ದು ಈಗಲೂ ಕಿವಿಯಲ್ಲಿದೆ. ಆದರೂ ಧಾರವಾಡದ ಮೇಳ ನನಗೆ ಅಪ್ಪನ ಮೇಳ. ಅದಕ್ಕೆ ಸಮ ಇನ್ನೊಂದಿಲ್ಲ.

ಶೇಂಗಾ ತಾಕಿನಲ್ಲಿ ಜಿ.ಪಿ.ಬಿ.ಡಿ-4 ನಿಂತಿತ್ತು. ತುಕ್ಕು ರೋಗ, ಎಲೆಚುಕ್ಕೆ ರೋಗ ಎರಡನ್ನೂ ತಡೆಯುವ ಧಾರವಾಡದ್ದೇ ತಳಿ. ಪಕ್ಕದ ಬೇರೆ ತಳಿಯ ಕೆಳಗಿನ ಎಲೆ ಕರ್ರಗಾಗಿ ಉದುರಿದ್ದರೆ ಇದು ಬುಡದ ತನಕ ಹಸಿರು. ಅವ್ವ ಕೂತು ಬುಡ ಬಿಡಿಸಿ ನೋಡಿದಳು. "ಕಾಯಿ ಕಿತ್ತ ಮ್ಯಾಲೆ ಬಳ್ಳಿನೂ ಎಮ್ಮಿಗೆ ಆಗ್ತದ" ಅಂದಳು.

ಹತ್ತಿ ತಾಕಿನ ಹತ್ತಿರ ಬಂದಾಗ ಹತ್ತು ಹದಿನೈದು ಕಾಲೇಜು ಹುಡುಗರು ನಿಂತಿದ್ದರು. ಒಬ್ಬ ಹೈಬ್ರಿಡ್ ಬೀಜ ಮಾಡುವುದನ್ನು ವಿವರಿಸುತ್ತಿದ್ದ. ಅವ್ವ ಹಿಂದೆ ನಿಂತು ಕೇಳಿದಳು. ಆಮೇಲೆ ನನ್ನ ಕಿವಿಯಲ್ಲಿ, "ಅವಂಗ ಮೊಗ್ಗು ಆರಿಸಾಕ ಬರ್ತಿಲ್ಲ" ಅಂದಳು. ಮದುವೆಗೆ ಮುಂಚೆ ನಾಲ್ಕು ವರ್ಷ ಅವ್ವ ರಾಣೆಬೆನ್ನೂರಿನ ಸುತ್ತಮುತ್ತ ಹತ್ತಿ ಬೀಜದ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದಳು. ನನಗೆ ಅದು ಗೊತ್ತಿತ್ತು. ಅವಳು ಕೈಯಲ್ಲಿ ಮಾಡಿ ತೋರಿಸಿದ್ದು ಮಾತ್ರ ಅವತ್ತೇ ಮೊದಲು ನೋಡಿದ್ದು.

ನಾನೇ ಆ ಹುಡುಗನಿಗೆ ಹೇಳಿದೆ. ಅವನು ಖುಷಿಯಿಂದ ಪಕ್ಕಕ್ಕೆ ಸರಿದು, "ಬರ್ರಿ ಅಮ್ಮಾರ, ತೋರಸ್ರಿ" ಅಂದ.

ಅವ್ವ ಸೆರಗು ಸಿಕ್ಕಿಸಿಕೊಂಡು ಗಿಡದ ಹತ್ತಿರ ಹೋದಳು. ನಾಳೆ ಅರಳುವ ಮೊಗ್ಗು ಯಾವುದು ಅಂತ ಮೊದಲು ಗುರುತಿಸಬೇಕು. ಎಸಳು ಕಾಯಿಹೊದಿಕೆಯಿಂದ ಹೊರಗೆ ಇಣುಕಿರುತ್ತದೆ, ಆದರೆ ಇನ್ನೂ ಸುತ್ತಿಕೊಂಡಿರುತ್ತದೆ. ಅಂಥ ಮೊಗ್ಗು ಹಿಡಿದಳು. ಎಡಗೈಯಲ್ಲಿ ಬುಡ, ಬಲಗೈ ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಒಂದೇ ಸುತ್ತು. ಸ್ವಲ್ಪ ತಿರುಚಿ ಎಳೆದಾಗ ಎಸಳು, ಅದರ ಜತೆ ಗಂಡು ಕೇಸರಗಳ ಕೊಳವೆ ಪೂರ್ತಿ ಟೋಪಿ ಕಳಚಿದ ಹಾಗೆ ಕಳಚಿ ಬಂತು. ಒಳಗೆ ನಿಂತಿದ್ದು ಬರೀ ಹೆಣ್ಣು ಭಾಗ, ತೆಳ್ಳನೆ ಒಂದು ದೀಪದ ಬತ್ತಿ ಹಾಗೆ. ಅದಕ್ಕೆ ಗಾಯ ಆಗಿರಲಿಲ್ಲ. ಆಗಿದ್ದರೆ ಆ ಕಾಯಿ ಉದುರುತ್ತದೆ, ಆ ದಿನದ ಕೂಲಿಯೂ ಕಮ್ಮಿಯಾಗುತ್ತಿತ್ತಂತೆ.

"ಸಂಜಿ ಮುಂದ ಇಷ್ಟು ಮಾಡಿ ಕೆಂಪು ಕಾಗದದ ಟೋಪಿ ಹಾಕತಿದ್ವಿ. ಮುಂಜಾನಿ ಬಂದ್ರ ಹೊಲ ತುಂಬ ಕೆಂಪು. ಮಿಸ್ ಆಗೂದs ಇಲ್ಲ. ಆಮ್ಯಾಲೆ ಗಂಡು ಹೂವು ತಂದು ಹಚ್ಚೂದು. ಅದು ಹಳದಿ ಹೂವು, ಎಸಳಿನ ಬುಡಕ ಕುಂಕುಮದಂಥಾ ಮಚ್ಚಿ" ಅಂದಳು.

ಹುಡುಗರು ಸುಮ್ಮನಾಗಿ ನೋಡುತ್ತಿದ್ದರು. ಒಬ್ಬಳು ಕೇಳಿದಳು, "ದಿನಕ್ಕೆ ಎಷ್ಟು ಮೊಗ್ಗು ಮಾಡ್ತಿದ್ರಿ?" ಅವ್ವ, "ಎಣಿಸಿಲ್ಲವ್ವ. ಉಗುರು ಸವೆದು ನೋವು ಆದಾಗ ಬಿಡತಿದ್ವಿ" ಅಂದಳು. ಆ ಹುಡುಗಿ ಅವ್ವನ ಕೈ ಹಿಡಿದು ಹೆಬ್ಬೆರಳು ನೋಡಿದಳು. ಅದರ ಉಗುರು ಒಂದು ಕಡೆ ಸ್ವಲ್ಪ ಗೀರು ಬಿದ್ದ ಹಾಗಿದೆ. ನಾನು ಹುಟ್ಟಿದಾಗಿನಿಂದ ನೋಡಿದ ಉಗುರು. ಯಾಕೆ ಹಾಗಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಅಜ್ಜನ ಮನೆಗೆ ಹಂಚು ಹಾಕಿಸಿದ ಆ ವರಲಕ್ಷ್ಮಿಯ ಬೀಜ, 1981ರಲ್ಲಿ ಅದರ ಹಿಂದೆಯೇ ಬಂದ ಜಯಲಕ್ಷ್ಮಿಯ ಬೀಜ, ಎಲ್ಲಾ ಹೀಗೇ ಒಂದೊಂದು ಮೊಗ್ಗು ಹಿಡಿದು ಹೆಣ್ಣುಮಕ್ಕಳು ಮಾಡಿದ್ದು. ಅಪ್ಪ ತಂದ ಕರಪತ್ರಗಳಲ್ಲಿ ಇದನ್ನು ನಾನು ಓದಿದ್ದೆ. ಓದಿದ್ದಕ್ಕೂ ಕಂಡಿದ್ದಕ್ಕೂ ಎಷ್ಟು ದೂರ.

ಊಟದ ನಂತರ ಜಾನುವಾರು ಪ್ರದರ್ಶನ. ಖಿಲಾರಿ ಹೋರಿಗಳ ಮುಂದೆ ಜಾತ್ರೆ ಹಾಗೆ ಜನ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ. ನನಗೂ ಅಲ್ಲೇ ನಿಲ್ಲುವ ಆಸೆ. ಅವ್ವ ನಿಲ್ಲಲಿಲ್ಲ. ಸ್ವಲ್ಪ ಆಚೆ ಒಂದು ಎಮ್ಮೆ ಕಂಡು ಸೀದಾ ಅಲ್ಲಿಗೆ ನಡೆದಳು. ಕರೀ ಬಣ್ಣ, ನಡು ಎತ್ತರ, ಹಿಂದಕ್ಕೆ ಬಾಗಿ ಅರ್ಧಚಂದ್ರ ಆದ ಕೊಂಬು. ಮೇಲೆ ಹಲಗೆ: ಧಾರವಾಡಿ ಎಮ್ಮೆ. 2021ರಲ್ಲಿ ದೇಶದ ಎಮ್ಮೆ ತಳಿಗಳ ಪಟ್ಟಿಗೆ ಇದರ ಹೆಸರು ಸೇರಿತು ಅಂತ ಅಲ್ಲಿದ್ದವರು ಹೇಳಿದರು. ಹಾವೇರಿ ಜಿಲ್ಲೆಯೂ ಅದರ ಸೀಮೆ ಒಳಗೇ ಬರುತ್ತದೆ.

"ಇದು ನಮ್ಮ ಗೌರಿ ಅಲ್ಲೇನು!" ಅಂದಳು ಅವ್ವ.

ನಿಜವಾಗಲೂ ಹಾಗೇ ಇತ್ತು. ನಮ್ಮ ಗೌರಿಯದೇ ಕೊಂಬು, ಅದೇ ಮೂಗು. ಇಷ್ಟು ವರ್ಷ ಜನ ಅದನ್ನು ನಾಟಿ ಎಮ್ಮೆ, ಜವಾರಿ ಎಮ್ಮೆ ಅನ್ನುತ್ತಿದ್ದರು. ದಲ್ಲಾಳಿಗಳು ಬಂದು, ಇದನ್ನು ಮಾರಿ ದೊಡ್ಡ ಎಮ್ಮೆ ತಗೊಳ್ಳಿ ಅಂತ ಎಷ್ಟು ಸಲ ಹೇಳಿದ್ದರೋ. ಅವ್ವ ಕೊಟ್ಟಿರಲಿಲ್ಲ. ಎಮ್ಮೆಯ ಮಾಲೀಕರು ಬಾಗಲಕೋಟೆ ಕಡೆಯವರು. ಅವ್ವ ಅವರ ಜತೆ ಒಂದು ತಾಸು ಕೂತಳು. ಬರೀ ಕಣಿಕೆ ಮೇವಿನಲ್ಲೂ ಇದು ಬದುಕುತ್ತದೆ, ಬಿಸಿಲು ತಡೆಯುತ್ತದೆ, ಹಾಲು ಕಮ್ಮಿ ಆದರೂ ದಪ್ಪ ಅಂತ ಇಬ್ಬರದೂ ಒಂದೇ ಮಾತು. "ಧಾರವಾಡ ಪೇಡೆಕ್ಕ ರುಚಿ ಬಂದದ್ದs ಇದರ ಹಾಲಿನಿಂದ" ಅಂದರು ಅವರು.

ಅವ್ವ ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದಳು. ಈ ಸಲ ಸೊರದ ಮಾತು ಕೇಳಲಿಲ್ಲ. "ನಮ್ಮ ಗೌರಿ ಹೆಸರು ಇಲ್ಲಿ ಬೋರ್ಡಿನ ಮ್ಯಾಲೆ ಬರದಾರ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಮಾತಾಡದೆ ಎಮ್ಮೆಯ ಬೆನ್ನು ಸವರುತ್ತಾ ನಿಂತಳು.

ಮಂಗಳವಾರ: ವಾಪಸ್

ಮುಂಜಾನೆ ಲೈನ್ ಬಜಾರಿನಲ್ಲಿ ಸಾಲು ನಿಂತು ಪೇಡೆ ತಗೊಂಡೆವು. ಶಿಗ್ಗಾವಿಯಿಂದ ಹೆದ್ದಾರಿ ಬಿಟ್ಟು ಸವಣೂರಿನ ಕಡೆ ತಿರುಗಿದೆ. ಅವ್ವನಿಗೆ ಸವಣೂರಿನ ವೀಳ್ಯದೆಲೆ ಬೇಕಿತ್ತು. ನನಗೆ ದೊಡ್ಡಹುಣಸೆ ಕಲ್ಮಠದ ಆ ದೈತ್ಯ ಮರಗಳನ್ನು ಅವಳಿಗೆ ತೋರಿಸಬೇಕಿತ್ತು. ಹೆಸರು ಹುಣಸೆ, ನಿಜಕ್ಕೂ ಅವು ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಅವ್ವ ಬೊಡ್ಡೆಗೆ ಅಂಗೈ ಇಟ್ಟು, "ಆನಿ ಮೈ ಇದ್ದಂಗ ಐತಿ" ಅಂದಳು. ಎಲೆಯ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡಳು. ಹಾವೇರಿ ತನಕ ಹೊಂಡದ ರಸ್ತೆ. ಹಿಂದಿನ ಸೀಟಿನಲ್ಲಿ ಬೀಜದ ಚೀಲ ಜಾರಿದಾಗಲೆಲ್ಲ ತಿರುಗಿ ನೋಡುತ್ತಿದ್ದಳು, ಥೇಟ್ ಅಪ್ಪನ ಹಾಗೆ.

ಊರು ಮುಟ್ಟಿದಾಗ ಹಿಂಡುವ ಹೊತ್ತು. ಅಪ್ಪ ಸೀರೆ ಹೊದ್ದುಕೊಂಡು ಕೊಟ್ಟಿಗೆಯಲ್ಲಿ ಕೂತಿದ್ದ. ಅವ್ವ ಕೈಕಾಲು ತೊಳೆದು ಹತ್ತಿರ ಹೋದಳು, ಆದರೆ ಅವನನ್ನು ಎಬ್ಬಿಸಲಿಲ್ಲ. ಪಕ್ಕದಲ್ಲಿ ನಿಂತು ಗೌರಿಯ ಹಣೆ ತುರಿಸಿದಳು. ಅಪ್ಪ ಹಿಂಡಿ ಮುಗಿಸಿದ.

ಆ ರಾತ್ರಿ ಅಡುಗೆ ನಾನು ಮಾಡಿದೆ. ಅವ್ವ ಹೇಳುತ್ತಾ ಹೋದಳು, ಅಪ್ಪ ಊಟ ಮಾಡುತ್ತಾ ಕೇಳಿದ. ಹುಳುವಿನ ತಲೆ ಗುರುತು, ನವಲಗುಂದದ ಹಿರಿಯರು, ಶೇಂಗಾ ಬಳ್ಳಿ, ಬೋರ್ಡು. ನಡುನಡುವೆ ಅಪ್ಪ, "ಆ ತಾಕು ಈಗೂ ಅಲ್ಲೇ ಐತೇನು?" ಅಂತ ಕೇಳುತ್ತಿದ್ದ. ಹತ್ತಿ ಮೊಗ್ಗಿನ ವಿಷಯ ಅವಳು ಹೇಳಲಿಲ್ಲ. ಅದನ್ನು ನಾನು ಹೇಳಿದೆ. ಅಪ್ಪ ಕೈ ತೊಳೆದು ಬಂದು ಹಿತ್ತಲಿನ ಚಿಕ್ಕು ಮರದ ಕೆಳಗೆ ಕುರ್ಚಿ ಹಾಕಿ, "ಇಲ್ಲಿ ಕೂತು ಇನ್ನೊಮ್ಮೆ ಹೇಳು" ಅಂದ.

ನಾನು ಬುಧವಾರ ಬೆಂಗಳೂರಿಗೆ ಹೊರಟೆ. ಅದೇ ಮುಂಜಾನೆ ಅವ್ವ ನೂರು ಕಡಲೆ ಕಾಳು ಎಣಿಸಿ, ಒದ್ದೆ ಗೋಣಿಚೀಲದ ಮೇಲೆ ಹತ್ತರ ಸಾಲಾಗಿ ಹತ್ತು ಸಾಲು ಇಟ್ಟು, ಸುರುಳಿ ಸುತ್ತಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಳು. ಎಂಬತ್ತೈದಕ್ಕಿಂತ ಜಾಸ್ತಿ ಮೊಳೆತರೆ ಬೀಜ ಗಟ್ಟಿ. ಸೋಮವಾರ ಆಫೀಸಿನಲ್ಲಿದ್ದಾಗ ಅಪ್ಪನ ಫೋನಿನಿಂದ ಒಂದು ಫೋಟೊ ಬಂತು. ಬಿಚ್ಚಿದ ಗೋಣಿಚೀಲ, ಸಾಲುಸಾಲು ಬಿಳಿ ಮೊಳಕೆ, ಪಕ್ಕದಲ್ಲಿ ಅವ್ವನ ಹೆಬ್ಬೆರಳು. ಕೆಳಗೆ ಅಪ್ಪ ಬರೆದಿದ್ದ: "93. ಅವ್ವ ಎಣಿಸಿದ್ದು. ಚಿತ್ತಿ ಮಳೆಗೆ ಬಿತ್ತನೆ."